ರಾಕೆಟ್ ಒಡೆಯುವ ಹೊತ್ತಿನಲ್ಲಿ ಕರೆದವನು

ತಪ್ಪು ನನ್ನದು. ಇದನ್ನು ಮೊದಲಿಗೇ ಹೇಳಿ ಮುಗಿಸುತ್ತೇನೆ. ಇಲ್ಲದಿದ್ದರೆ ಕತೆ ಹೇಳುತ್ತ ಹೇಳುತ್ತ ನಾನೇ ಅದರ ಹೀರೋ ಆಗಿಬಿಡುವ ಚಟ ನನಗಿದೆ. ನಡು ಸಮುದ್ರದಲ್ಲಿ ಒಬ್ಬ ಅಜ್ಜ ಕೆಟ್ಟು ನಿಂತ ದೋಣಿಯಲ್ಲಿ ಕೂತು ರೇಡಿಯೋದಲ್ಲಿ ಕೂಗಿದ. ಅದು ಕೇಳಿಸಿದ್ದು ನಮ್ಮ ವಿಮಾನಕ್ಕೆ ಮಾತ್ರ. ಒಳಗಿದ್ದವರು ಕಿಟಕಿಯಿಂದ ಕೆಳಗೆ ನೋಡಬೇಕಿತ್ತು, ಅದನ್ನು ಬಿಟ್ಟು ನನ್ನ ಬಾಯಿ ನೋಡಿದರು. ಯಾಕಂದರೆ ಅದೇ ವಾರ ಅದೇ ವಿಮಾನದಲ್ಲಿ, ಅದೇ ಹೆಡ್‌ಫೋನುಗಳಲ್ಲಿ, ಮುಳುಗಿ ಸತ್ತ ಮೀನುಗಾರನ ದನಿ ಮಾಡಿ ಅವರನ್ನೆಲ್ಲ ಹೆದರಿಸಿದ್ದ ಶೂರ ನಾನೇ.

ಬೋನಾಳದಿಂದ ಹೊರಟದ್ದು

ನನ್ನ ಊರು ಬೋನಾಳ, ಸುರಪುರದ ಮಗ್ಗುಲು. ಕೆರೆಗೆ ಹಕ್ಕಿ ಬರುತ್ತವೆ, ಹಕ್ಕಿ ನೋಡಲು ದುರ್ಬೀನು ಹಿಡಿದು ಮಂದಿ ಬರುತ್ತಾರೆ. ಜಾಲಿಕಂಟಿಯ ಹಿಂದೆ ಕೂತು ಬಾತಿನಂತೆ ಕೂಗಿ, ಅವರು ಅತ್ತ ಕಡೆ ದುರ್ಬೀನು ತಿರುಗಿಸಿದ್ದು ನೋಡಿ ನಕ್ಕದ್ದೇ ನನ್ನ ಮೊದಲ ಪಾಠ. ಆಮೇಲೆ ಹೆಡ್‌ಮಾಸ್ತರು, ಶಹಾಪುರ ಬಸ್‌ಸ್ಟ್ಯಾಂಡಿನ ಕಂಡಕ್ಟರು, ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಸಾರುವ ಆ ಹೆಣ್ಣುದನಿ. ಒಮ್ಮೆ ಆ ದನಿ ಮಾಡಿದಾಗ ಹತ್ತಿಕುಣಿಯ ಆಯಿಯೊಬ್ಬಳು ಗಂಟು ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಓಡಿದಳು. ರೈಲು ಬರಲಿಲ್ಲ, ಆಯಿ ತಿರುಗಿ ಬಂದಳು, ಕೈಯಲ್ಲಿ ಚಪ್ಪಲಿ ಇತ್ತು. ನನ್ನ ಸ್ವಂತ ದನಿ ಹೇಗಿದೆ ಅಂತ ಯಾರಾದರೂ ಕೇಳಿದರೆ ಮಾತ್ರ ನನಗೆ ಸರಿಯಾಗಿ ಗೊತ್ತಿಲ್ಲ.

ಕೆಲಸ ಹೈದರಾಬಾದಿನಲ್ಲಿ, ರೇಡಾರಿನ ಭಾಗಗಳನ್ನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ನಮ್ಮ ಮೇಲಿನವರು ಮಲ್ಲಣ್ಣ ಸರ್, ಶಹಾಪುರದವರು. ಅವರು ಮಾತಾಡಿದರೆ ಮಷೀನು ಕೆಟ್ಟಿದೆ ಅಂತ ಅರ್ಥ, ಸುಮ್ಮನಿದ್ದರೆ ಎಲ್ಲ ಸರಿಯಿದೆ ಅಂತ. ನಾವು ಮಾಡಿಕೊಟ್ಟ ರಿಸೀವರನ್ನು ಒಂದು ವಿಮಾನಕ್ಕೆ ಕೂಡಿಸಿದ್ದರು. ಆ ವಿಮಾನ ಮಾರಿಷಸ್ಸಿನಿಂದ ಹಾರಬೇಕು, ಜತೆಗೆ ನಾವಿಬ್ಬರೂ ಹೋಗಬೇಕು.

ಯಾಕೆ ಹಾರಬೇಕು ಅನ್ನುವುದನ್ನು ನಮ್ಮ ಅವ್ವನಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ಉಪಗ್ರಹವನ್ನು ಮೇಲೆ ಬಿಟ್ಟ ಮೇಲೆ ರಾಕೆಟ್ಟಿನ ಕೊನೆಯ ತುಂಡೊಂದು ಉಳಿಯುತ್ತದೆ, ನಮ್ಮ ಕೆಂಪು ಬಸ್ಸಿನಷ್ಟು ದೊಡ್ಡ ಖಾಲಿ ಡಬ್ಬಿ. ಅದರ ಎಂಜಿನ್ನನ್ನು ಇನ್ನೊಮ್ಮೆ ಹೊತ್ತಿಸಿ, ಬೇಕಾದ ಕಡೆ ಕೆಡವಬೇಕು. ಈ ಡಬ್ಬಿಯ ಎಂಜಿನ್ ಹೊತ್ತಲಿಲ್ಲ. ಹಾಗಾಗಿ ಭೂಮಿ ಸುತ್ತುತ್ತ ಸುತ್ತುತ್ತ ತಾನೇ ಇಳಿಯುತ್ತಿತ್ತು. ಗಾಳಿಗೆ ತಾಗಿದಾಗ ಕಾದು ಒಡೆಯುತ್ತದೆ. ಎಷ್ಟು ಎತ್ತರದಲ್ಲಿ ಒಡೆಯಿತು, ಎಷ್ಟು ತುಂಡಾಯಿತು, ಯಾವ ತುಂಡು ಎಷ್ಟು ಜೋರು ಓಡಿತು, ಇದನ್ನು ವಿಮಾನದ ರೇಡಾರು ನೋಡುತ್ತದೆ. ಕ್ಯಾಮೆರಾಕ್ಕೆ ಮೋಡ ಅಡ್ಡ ಬರುತ್ತದೆ, ರೇಡಾರಿಗೆ ಬರುವುದಿಲ್ಲ. ಒಡೆಯುವ ಎತ್ತರ ಗೊತ್ತಾದರೆ ಮುಂದಿನ ಸಲ ತುಂಡು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಬಹುದು.

ಅವ್ವ ಎಲ್ಲ ಕೇಳಿದಳು. "ಬೀಳಾಕತ್ತದಂದ್ರ ಮಂದಿ ದೂರ ಓಡ್ತಾರ. ನೀ ಯಾಕ ಅದರ ಕಡೇನ ಹೊಂಟೀದಿ?" ಅಂದಳು. 

ದ್ವೀಪ

ಮಾರಿಷಸ್ಸಿನಲ್ಲಿ ಇಳಿದವನಿಗೆ ಮೊದಲು ಕಂಡದ್ದು ಕಬ್ಬು. ಸಮುದ್ರ ನೋಡಲು ಬಂದರೆ ಕಬ್ಬು. ಕಾಲುವೆ ನೀರು ಬಂದಮೇಲೆ ಶಹಾಪುರದ ಕಡೆ ಭತ್ತ ಹಬ್ಬಿದ ಹಾಗೆ ಅಲ್ಲಿ ಕಬ್ಬು ರಸ್ತೆಯ ಕೊರಳಿಗೇ ಬಂದು ನಿಂತಿದೆ. ರಸ್ತೆ ದಾಟಲು ಕಾಲು ಎತ್ತಿದರೆ ಕಾರುಗಳು ನಿಂತುಬಿಡುತ್ತವೆ. ನನಗೆ ಅದು ರೂಢಿಯಿಲ್ಲ. ಕಾರು ನಿಂತಿತು ಅಂತ ನಾನೂ ನಿಂತೆ, ನಾನು ನಿಂತೆ ಅಂತ ಕಾರು ನಿಂತೇ ಇತ್ತು. ಕಡೆಗೆ ಮಲ್ಲಣ್ಣ ಸರ್ ನನ್ನ ಅಂಗಿ ಹಿಡಿದು ದಾಟಿಸಿದರು.

ಅಲ್ಲಿನ ಒಂದು ಬೆಟ್ಟದ ತುದಿಯಲ್ಲಿ ಬಂಡೆಯೊಂದು ಮನುಷ್ಯನ ತಲೆಯ ಹಾಗೆ ಕೂತಿದೆ. ಎತ್ತ ಹೋದರೂ ಕಾಣುತ್ತದೆ, ಎತ್ತ ತಿರುಗಿದರೂ ನಮ್ಮನ್ನೇ ನೋಡಿದಂತೆ. ಸರ್ ಅದನ್ನು ಬಹಳ ಹೊತ್ತು ನೋಡಿ, "ನಮ್ಮ ಶಹಾಪುರದ ಗುಡ್ಡದಾಗ ಬುದ್ಧ ಮಲಗ್ಯಾನ. ಇಲ್ಲಿ ಯಾರೋ ಎದ್ದು ಕುಂತಾನ," ಅಂದರು. ಅವತ್ತಿಡೀ ಅವರು ಆಡಿದ್ದು ಅದೊಂದೇ ಮಾತು.

ತಂಡದ ಮುಖ್ಯಸ್ಥೆ ಹೆಲ್ಗಾ, ಜರ್ಮನಿಯವರು. ಎತ್ತರದ, ತೆಳ್ಳಗಿನ ಹೆಂಗಸು. ಚಹಾದ ಲೋಟವನ್ನೂ ಸ್ಕ್ರೂ ತಿರುಗಿಸಿದಂತೆ ಟೇಬಲ್ಲಿಗೆ ಇಡುತ್ತಾರೆ. ಡಬ್ಬಿ ಮೊದಲ ಸಲ ಸೀಳುವ ಗಳಿಗೆಯನ್ನು ಹಿಡಿಯಬೇಕು ಅಂತ ವರ್ಷಗಟ್ಟಲೆ ಕಾದವರು. ಹಿಂದಿನ ಸಲ ಇಂಥದೇ ಬೇರೆ ಡಬ್ಬಿಗೆ ಹೋದಾಗ ಅದು ಇನ್ನೊಂದು ಸಮುದ್ರದ ಮೇಲೆ ಒಡೆದುಹೋಗಿತ್ತಂತೆ. ಇನ್ನೊಬ್ಬಳು ಸಿಲ್ವಿ, ಆ ದ್ವೀಪದವಳೇ. ಹಡಗುಗಳ ಜತೆ, ದಡದವರ ಜತೆ ರೇಡಿಯೋದಲ್ಲಿ ಮಾತಾಡುವುದು ಅವಳ ಕೆಲಸ. ಇಂಗ್ಲಿಷೂ ಬರುತ್ತದೆ, ಫ್ರೆಂಚೂ ಬರುತ್ತದೆ, ಮನೆಯಲ್ಲಿ ಆಡುವುದು ಕ್ರಿಯೋಲ್ ಅನ್ನುವ ಅಲ್ಲಿನ ಮಾತು.

ಒಂದು ಸಂಜೆ ಸಿಲ್ವಿ ನಮಗೆ ಬೀದಿಬದಿಯ ದಾಲ್‌ಪುರಿ ತಿನ್ನಿಸಿದಳು. ನೋಡಲು ನಮ್ಮ ಹೋಳಿಗೆಯೇ, ಒಳಗೆ ಬೇಳೆಯೂ ಇದೆ, ಬೆಲ್ಲ ಮಾತ್ರ ಇಲ್ಲ, ಮೇಲೆ ಖಾರ. ತಿನ್ನುತ್ತ ಅವಳು ಅಲ್ಲಿನ ಮೀನುಗಾರರ ಒಂದು ಪದ್ಧತಿ ಹೇಳಿದಳು. ಯಾರೂ ಇಲ್ಲದ ಸಮುದ್ರದಿಂದ ದನಿಯೊಂದು ಕರೆದರೆ ಮೊದಲ ಸಲಕ್ಕೆ ಓ ಅನ್ನಬಾರದು. ಎರಡನೇ ಸಲಕ್ಕೂ ಅನ್ನಬಾರದು. ಬದುಕಿರುವವನಾದರೆ ಮೂರನೇ ಸಲ ಕರೆದೇ ಕರೆಯುತ್ತಾನೆ. ಸತ್ತವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ನಮ್ಮ ಕೆರೆ ಏರಿಯ ಮೇಲೆ ಮುಚ್ಚಂಜಿಯಲ್ಲಿ ಬೆನ್ನ ಹಿಂದಿನಿಂದ ಕರೆದರೆ ತಿರುಗಬಾರದು ಅಂತ ಅವ್ವನೂ ಹೇಳುತ್ತಿದ್ದಳು, ಹೀಗಾಗಿ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಬಾಯಿ ಮುಚ್ಚಿದ್ದರೂ ಒಳಗೆ ನಾಲಿಗೆ ಆಗಲೇ ತಾಲೀಮು ನಡೆಸಿತ್ತು.

ಮೊದಲ ಹಾರಾಟ

ಡಬ್ಬಿ ಯಾವತ್ತು ಬೀಳುತ್ತದೆ ಅನ್ನುವ ಲೆಕ್ಕ ದಿನವೂ ಬದಲಾಗುತ್ತಿತ್ತು. ಈ ನಡುವೆ ಮಷೀನು ನೋಡಿಕೊಳ್ಳಲು ಒಂದು ಖಾಲಿ ಹಾರಾಟ ಇಟ್ಟರು. ಬಿಸಿಲು ಚೆನ್ನಾಗಿತ್ತು. ಕೆಳಗೆ ನೀರು, ನೀರು ಮುಗಿದರೆ ಮತ್ತೆ ನೀರು. ನಾರಾಯಣಪುರ ಜಲಾಶಯದ ಹಿನ್ನೀರು ನೋಡಿ ಸಮುದ್ರ ಅಂದುಕೊಂಡು ಬೆಳೆದವನು ನಾನು; ಇದು ಬೇರೆ. ಇದಕ್ಕೆ ದಡ ಇಲ್ಲ ಅನ್ನುವುದಕ್ಕಿಂತ, ದಡ ಅಂದರೇನು ಅಂತ ಇದಕ್ಕೆ ಗೊತ್ತೇ ಇಲ್ಲ.

ವಿಮಾನದ ಸದ್ದಿನಲ್ಲಿ ಮಾತು ಕೇಳಿಸದ್ದಕ್ಕೆ ಎಲ್ಲರೂ ಹೆಡ್‌ಫೋನು ಹಾಕಿರುತ್ತಾರೆ. ಒಳಗಿನ ಮಾತೂ ಅದರಲ್ಲೇ, ಹೊರಗಿನ ರೇಡಿಯೋವೂ ಅದರಲ್ಲೇ. ನನಗೆ ಬೇಕಾದದ್ದೂ ಅದೇ. ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟು ರೇಡಿಯೋದ ಸುರ್ ಸದ್ದು ಮಾಡಿದೆ. ಅದರೊಳಗಿಂದ, ಬಹಳ ದೂರದಿಂದ, ನೀರು ಕುಡಿದ ಮುದುಕನ ಗಂಟಲಲ್ಲಿ ಕರೆದೆ: "ಸಿಲ್ವೀ... ಮೋ ಲಾ... ಸಿಲ್ವೀ..." 'ಮೋ ಲಾ' ಅಂದರೆ 'ನಾನು ಇಲ್ಲಿದ್ದೇನೆ'. ಅವಳಿಂದಲೇ ಕಲಿತ ಮಾತು.

ಕ್ಯಾಪ್ಟನ್ ಬೆಚ್ಚಿ ಹಿಂದೆ ತಿರುಗಿದ. ಹೆಲ್ಗಾ ಕೈಯಿಂದ ಪೆನ್ನು ಬಿತ್ತು. ನಾನು ನಕ್ಕೆ, ಆಮೇಲೆ ಕ್ಯಾಪ್ಟನ್ನೂ ನಕ್ಕ. ಸಿಲ್ವಿ ನಗಲಿಲ್ಲ. ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಇಳಿಯುವ ತನಕ ನೀರನ್ನೇ ನೋಡುತ್ತ ಕೂತಳು.

ಕೆಳಗೆ ಬಂದ ಮೇಲೆ ಮಲ್ಲಣ್ಣ ಸರ್ ಹೇಳಿದರು. ಅವಳನ್ನು ಸಾಕಿದ ಚಿಕ್ಕಪ್ಪ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ದೋಣಿಯ ಒಂದು ಹಲಗೆ ಸಹ ಸಿಕ್ಕಿರಲಿಲ್ಲ. ಸರ್‌ಗೆ ಇದು ಮೊದಲೇ ಗೊತ್ತಿತ್ತು, ಯಾಕಂದರೆ ಸುಮ್ಮನಿರುವವರಿಗೆ ಮಂದಿ ಎಲ್ಲ ಹೇಳುತ್ತಾರೆ. "ನಿನ್ನ ಬಾಯಿ ನಿನ್ನಕಿಂತ ಮುಂದ ಹುಟ್ಟೇದಲೇ ತಮ್ಮಾ," ಅಂದರು.

ನಾನು ಹೋಗಿ ಸಿಲ್ವಿಯ ಕ್ಷಮೆ ಕೇಳಿದೆ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಈಗ ಕ್ಷಮೆ ಕೇಳಿದ್ದು ಯಾರ ದನಿ?"

ಸಮುದ್ರದ ಮೇಲೆ

ಆ ದಿನ ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಓಡಿದೆವು. ಡಬ್ಬಿ ಕಡೆಯ ಸುತ್ತಿನಲ್ಲಿದೆ, ಈ ಸಮುದ್ರದ ಮೇಲೆಯೇ ಇಳಿಯುತ್ತದೆ ಅಂತ ಸುದ್ದಿ ಬಂದಿತ್ತು. ತುಂಡು ಬೀಳಬಹುದಾದ ಅಗಲವಾದ ಒಂದು ಪಟ್ಟಿಯಷ್ಟು ಸಮುದ್ರಕ್ಕೆ ಯಾವ ದೋಣಿಯೂ ಹೋಗಬಾರದು ಅಂತ ರೇಡಿಯೋದಲ್ಲಿ ಸಾರಿದ್ದರು. ಆ ಪಟ್ಟಿಯ ಪಕ್ಕಕ್ಕೆ ನಮ್ಮ ವಿಮಾನ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಮಲ್ಲಣ್ಣ ಸರ್‌ಗೆ ಪರದೆಯ ಮೇಲೆ ನಂಬಿಕೆ ಇದ್ದರೂ ಕಿವಿಯ ಮೇಲೆ ಹೆಚ್ಚು. ಹೀಗಾಗಿ ರೇಡಾರಿಗೆ ತಿರುಗಿ ಬಂದದ್ದನ್ನು ಅದೇ ಹೆಡ್‌ಫೋನುಗಳಲ್ಲಿ ದನಿಯಾಗಿಯೂ ಕೇಳುವ ಹಾಗೆ ಮಾಡಿಸಿದ್ದರು. ಸದ್ಯ ಅದರಲ್ಲಿ ಏನೂ ಇರಲಿಲ್ಲ, ಬರೇ ಸುರ್ ಅನ್ನುವ ಸದ್ದು. ಬಹಳ ಹೊತ್ತು ಅದನ್ನು ಕೇಳಿದರೆ ಒಳಗೆ ಏನೋ ಇದೆ ಅನ್ನಿಸತೊಡಗುತ್ತದೆ. 

ಆಗ ಆ ಸುರ್ ಸದ್ದಿನೊಳಗಿಂದ ಒಬ್ಬ ಮುದುಕ ಅಂದ: "ಮೋ ಲಾ."

 ಅದು ನನ್ನದೇ ದನಿ. ನಾನು ಮಾಡಿದ್ದ ಅದೇ ಗಂಟಲು, ಅದೇ ದೂರ, ಅದೇ ಮಾತು. ಒಂದು ಕ್ಷಣ ನಾನೇ ಅಂದೆನೇನೋ ಅಂತ ತುಟಿ ಮುಟ್ಟಿ ನೋಡಿಕೊಂಡೆ. ಎಷ್ಟೋ ದಿನದ ಮೇಲೆ ಯಾರೋ ಕೇಳಿದರು, ಹೊರಗಿನಿಂದ ದನಿ ಬಂದರೆ ರೇಡಿಯೋ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತುತ್ತದಲ್ಲ, ನೋಡಬೇಕಿತ್ತಲ್ಲ ಅಂತ. ದೀಪ ನೋಡುವ ಮೊದಲೇ ಎಲ್ಲರೂ ನನ್ನನ್ನು ನೋಡಿಬಿಟ್ಟಿದ್ದರು. ಸಾಕು, ಇವತ್ತು ಬೇಡ, ಅಂದ ಕ್ಯಾಪ್ಟನ್. ನಾನಲ್ಲ ಅಂದೆ. ಅದನ್ನು ಎಷ್ಟು ಚೆನ್ನಾಗಿ ಅಂದೆನೆಂದರೆ ಯಾರೂ ನಂಬಲಿಲ್ಲ.

ಮತ್ತೆ ಬಂತು. ಈ ಸಲ ಉದ್ದಕ್ಕೆ, ನಡುನಡುವೆ ಕಡಿದು. ಹೆಲ್ಗಾ ನನ್ನ ಕಡೆ ಬೆರಳು ತೋರಿಸಿ, ಇನ್ನೊಂದು ಸಲ ಆದರೆ ನಿನ್ನ ತಂತಿ ಕಿತ್ತುಹಾಕುತ್ತೇನೆ ಅಂದರು. ಸಿಲ್ವಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಬೆರಳು ರೇಡಿಯೋದ ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.

ಏನು ಮಾಡಬೇಕೋ ತಿಳಿಯಲಿಲ್ಲ. ಹೆಗಲ ಮೇಲೆ ಟವೆಲ್ ಇತ್ತು. ಅದನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ, ಕಣ್ಣಲ್ಲಿ ನೀರು ಬರುವಷ್ಟು. ಎರಡೂ ಕೈ ಮೇಲೆತ್ತಿ ಕೂತೆ. ಪೊಲೀಸರಿಗೆ ಸಿಕ್ಕವನ ಹಾಗೆ, ಮೂಗಿನಲ್ಲಿ ಉಸಿರಾಡುತ್ತ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನಾನು ಅವರನ್ನೇ ನೋಡುತ್ತಿದ್ದೆ, ವಿಮಾನ ಸುತ್ತುತ್ತಿತ್ತು, ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಬರದೇ ಹೋದರೆ ಏನು ಗತಿ ಅಂದುಕೊಂಡೆ. ಬಂದರೆ ಇನ್ನೇನು ಗತಿ ಅಂತಲೂ.

ಮೂರನೇ ಸಲ ಬಂತು.

ಸಿಲ್ವಿ ಗುಂಡಿ ಒತ್ತಿದಳು.

ಅವಳು ಕ್ರಿಯೋಲಿನಲ್ಲಿ ಕೇಳಿದಳು, ಅತ್ತಲಿಂದ ಅವನು ಹೇಳಿದ. ಹೆಸರು ರೋಲಾಂ. ಒಬ್ಬನೇ ಇದ್ದಾನೆ. ಎಂಜಿನ್ ಕೆಟ್ಟು ದೋಣಿ ನೀರು ಎಳೆದತ್ತ ಬಂದಿದೆ. ದಡ ಎತ್ತಲಿದೆ ಗೊತ್ತಿಲ್ಲ, ತಾನು ಎಲ್ಲಿದ್ದೇನೆ ಗೊತ್ತಿಲ್ಲ. ಕೂಗಿದ್ದು ದಡಕ್ಕೆ ಮುಟ್ಟುತ್ತಿಲ್ಲ. ಬ್ಯಾಟರಿ ಮುಗಿಯುತ್ತ ಬಂದಿದೆ. ನಾವು ಎತ್ತರದಲ್ಲಿದ್ದದ್ದಕ್ಕೆ ನಮಗಷ್ಟೇ ಕೇಳಿಸಿತ್ತು. ಆ ದನಿ ನಿಂತರೆ ಅವನನ್ನು ಹುಡುಕಲು ಇನ್ನಾವ ದಾರಿಯೂ ಇಲ್ಲ.

ಹುಡುಕಬಹುದಾದ ವಸ್ತು ನಮ್ಮ ಹತ್ತಿರ ಒಂದೇ ಇತ್ತು, ರೇಡಾರು. ಅದನ್ನು ನೀರಿನ ಕಡೆ ತಿರುಗಿಸಬೇಕೆಂದರೆ ವಿಮಾನ ಒಂದು ರೆಕ್ಕೆ ಇಳಿಸಬೇಕು, ಆಕಾಶದ ಕಡೆಯ ಕಣ್ಣು ಮುಚ್ಚಬೇಕು. ಡಬ್ಬಿ ಇನ್ನೇನು ಬರುವುದರಲ್ಲಿತ್ತು. ಮಲ್ಲಣ್ಣ ಸರ್ ಹೆಲ್ಗಾ ಕಡೆ ನೋಡಿದರು. ಹೆಲ್ಗಾ ತಮ್ಮ ಪರದೆಯನ್ನು ನೋಡಿದರು, ಅದರಲ್ಲಿ ಇನ್ನೂ ಏನೂ ಮೂಡಿರಲಿಲ್ಲ. ತಿರುಗಿಸಿ ಅಂದರು. ಲೋಟ ಇಟ್ಟಷ್ಟೇ ಗಟ್ಟಿಯಾಗಿ.

ವಿಮಾನ ವಾಲಿತು. ಪರದೆಯ ತುಂಬ ತೆರೆಗಳ ಬಿಳಿ ಕಸ. ಕಟ್ಟಿಗೆಯ ದೋಣಿ ಅದರಲ್ಲಿ ಕಾಣುವ ಮಾತೇ ಇಲ್ಲ. ಸರ್ ಗಾಬರಿಯಲ್ಲಿ ಇಂಗ್ಲಿಷ್ ಮರೆತರು, ಸಿಲ್ವಿಯ ಕಡೆ ತಿರುಗಿ ಕನ್ನಡದಲ್ಲೇ ಶುರು ಮಾಡಿದರು. "ತಗಡೇನರ ಅದಾವೇನು ಕೇಳವ್ವಾ. ಇದ್ರ ಗ್ವಾಡಿಮೂಲಿಗತೆ ಕೂಡಿಸಿ ಹಿಡಿ ಅನ್ನು." ನಾನು ಬಾಯಿಂದ ಟವೆಲ್ ಕಿತ್ತು ಇಂಗ್ಲಿಷಿಗೆ ತಂದೆ, ಅವಳು ಕ್ರಿಯೋಲಿಗೆ ದಾಟಿಸಿದಳು. ಬಯಲಲ್ಲಿ ನಿಂತ ಗೋಡೆಗೆ ಚೆಂಡು ಹೊಡೆದರೆ ಎತ್ತಲೋ ಹೋಗುತ್ತದೆ, ಮೂಲೆಗೆ ಹೊಡೆದರೆ ಹೊಡೆದವನ ಕಡೆಗೇ ಬರುತ್ತದೆ. ರೇಡಾರಿಗೂ ಹಾಗೆಯೇ. ಮೀನಿನ ಐಸ್ ಪೆಟ್ಟಿಗೆಗಳಿಗೆ ತಗಡಿನ ಮುಚ್ಚಳಗಳಿದ್ದವು. ಅಜ್ಜ ಅವನ್ನು ಕೂಡಿಸಿ ಎತ್ತಿ ಹಿಡಿದ. ನಮಗೆ ಅದು ಕಾಣಲಿಲ್ಲ. ಬಿಳಿ ಕಸದ ನಡುವೆ ಒಂದು ಚುಕ್ಕಿ ಮಾತ್ರ ಕಂಡಿತು. ಇತ್ತು, ಹೋಯಿತು, ಮತ್ತೆ ಇತ್ತು. ಅವನ ಕೈ ಸೋತಾಗ ಹೋಗುತ್ತಿತ್ತು.

ಚುಕ್ಕಿ ಆ ಪಟ್ಟಿಯ ಒಳಗೇ ಇತ್ತು.

ಸಿಲ್ವಿ ಜಾಗದ ಗುರುತನ್ನು ದಡಕ್ಕೆ ಕೊಟ್ಟಳು. ಕ್ಯಾಪ್ಟನ್ ವಿಮಾನವನ್ನು ನೆಟ್ಟಗೆ ಮಾಡಿದ. ರೇಡಾರಿನ ಕಣ್ಣು ಮೇಲಕ್ಕೆ ಹೋಗುವಷ್ಟರಲ್ಲಿ ಡಬ್ಬಿಯ ಮೊದಲ ಸೀಳು ಆಗಿಹೋಗಿತ್ತು. ಹೆಲ್ಗಾ ಒಮ್ಮೆ ಕಣ್ಣು ಮುಚ್ಚಿ ತೆರೆದರು, ಅಷ್ಟೇ.

ಆಮೇಲೆ ಕೇಳಿಸಿದ್ದನ್ನು ಹೇಗೆ ಹೇಳಲಿ. ಮೊದಲು ಒಂದು ಉಸಿರು. ದೊಡ್ಡ ಮೈಯವರು ನಿದ್ದೆಯಲ್ಲಿ ಹೊರಳಿ ಹೊರಳಿ ಬಿಡುವಂಥ, ಏರಿ ಇಳಿಯುವ ಉಸಿರು. ಡಬ್ಬಿ ಪಲ್ಟಿ ಹೊಡೆಯುತ್ತ ಬರುತ್ತಿದ್ದ ಸದ್ದು ಅದು. ಪರದೆಯಲ್ಲಿ ಒಂದು ದಪ್ಪ ಗೆರೆ, ಅದರ ಹಿಂದೆ ಆಗಲೇ ಕಳಚಿಕೊಂಡ ಸಣ್ಣ ತುಂಡಿನ ಗೆರೆ. ದಪ್ಪ ಗೆರೆ ಎರಡಾಯಿತು. ಉಸಿರು ಎರಡಾಯಿತು. ಆಮೇಲೆ ಎಣಿಸಲಾಗಲಿಲ್ಲ. ಒಬ್ಬರು ಮಲಗಿದ್ದ ಕೋಣೆಯಲ್ಲಿ ದೀಪವಿಲ್ಲದೆ ಮಂದಿ ಬಂದು ತುಂಬಿಕೊಂಡ ಹಾಗೆ, ಒಂದೊಂದು ಉಸಿರೂ ಬೇರೆ ಬೇರೆ, ಕೆಲವು ಸಣ್ಣಗೆ ಸಿಳ್ಳೆ ಹೊಡೆಯುತ್ತ, ಕೆಲವು ತೇಕುತ್ತ, ಒಂದೊಂದೇ ನಿಲ್ಲುತ್ತ. ಹೊರಗೆ ಹಾಡುಹಗಲು. ಕಿಟಕಿಯಲ್ಲಿ ಬಿಸಿಲು, ಬಿಳಿ ಮೋಡ. ಕಣ್ಣಿಗೆ ಏನೆಂದರೆ ಏನೂ ಇರಲಿಲ್ಲ.

ಯಾವ ಸದ್ದು ಕೇಳಿದರೂ ನನ್ನ ಗಂಟಲು ತಾನಾಗಿ ಅದನ್ನು ಅಳೆಯುತ್ತದೆ. ಇದನ್ನು ಅಳೆಯಲಿಲ್ಲ. ಇವತ್ತಿಗೂ ಅದನ್ನು ಮಾಡಿ ತೋರಿಸು ಅಂತ ಸುರಪುರದ ಗೆಳೆಯರು ಕಾಡುತ್ತಾರೆ, ಬರುವುದಿಲ್ಲ ಅನ್ನುತ್ತೇನೆ. ಬರುತ್ತದೋ ಇಲ್ಲವೋ ನೋಡಿಲ್ಲ.

ಅದರ ನಡುವೆಯೇ ಅಜ್ಜನ ದನಿ ಬಂತು. ಸಿಲ್ವಿಗೆ ಏನೋ ಕೇಳಿದ.  ಅವನು ಕೇಳಿದ್ದು ಇಷ್ಟು: ಆಕಾಶದಲ್ಲಿ ಯಾರೋ ಬಾಗಿಲು ಬಡಿದರು, ಎರಡು ಸಲ, ಯಾರದು? ಡಬ್ಬಿಯ ಗುಡುಗು ಆಗ ಕೆಳಗೆ ಮುಟ್ಟಿತ್ತು.

ಸಿಲ್ವಿ ಕೊಟ್ಟ ಉತ್ತರ ಅವನಿಗೆ ಮುಟ್ಟಿತೋ ಇಲ್ಲವೋ. ಆ ಮೇಲೆ ಸುರ್ ಅನ್ನುವ ಸದ್ದು ಮಾತ್ರ ಉಳಿಯಿತು. ಸಿಲ್ವಿ ಕರೆದಳು, ಮತ್ತೆ ಕರೆದಳು, ಮೂರನೇ ಸಲವೂ ಕರೆದಳು. ಬ್ಯಾಟರಿ ಹೋಗಿರಬೇಕು ಅಂದರು ಸರ್. ಅದನ್ನು ಅವರು ಎರಡೆರಡು ಸಲ ಅಂದರು. ಅಷ್ಟು ಮಾತಾಡುವವರಲ್ಲ ಅವರು, ಅದಕ್ಕೇ ನನಗೆ ಹೆದರಿಕೆಯಾಯಿತು. ವಿಮಾನದ ಎಣ್ಣೆ ಮುಗಿಯುತ್ತಿದ್ದದ್ದಕ್ಕೆ ನಾವು ತಿರುಗಿದೆವು. ಕೆಳಗೆ ನೀರು ಎಂದಿನಂತೆ ಮಿನುಗುತ್ತಿತ್ತು, ಏನೂ ನುಂಗದವರ ಹಾಗೆ.

ಬಂದರು

ಮರುದಿನ ಮಧ್ಯಾಹ್ನ ಕಾವಲು ಹಡಗೊಂದು ಅಜ್ಜನನ್ನೂ ದೋಣಿಯನ್ನೂ ಎಳೆದು ತಂದಿತು. ನಾವು ಬಂದರಿಗೆ ಓಡಿದೆವು. ಹಡಗಿನಿಂದ ಇಳಿದವನು ನಾನು ಕಲ್ಪಿಸಿಕೊಂಡಂತೆ ಇರಲೇ ಇಲ್ಲ. ಗಿಡ್ಡಗೆ, ಗುಂಡಗೆ, ಹರಿದ ಹ್ಯಾಟಿನ ಮನುಷ್ಯ. ಎರಡೂ ತೋಳು ಎತ್ತಲಾಗದೆ ಜೋತುಬಿದ್ದಿದ್ದವು. ತಗಡಿನ ಮುಚ್ಚಳಗಳನ್ನು ಬ್ಯಾಟರಿ ಹೋಗುವ ತನಕ, ಬ್ಯಾಟರಿ ಹೋದ ಮೇಲೂ, ಯಾರೂ ಸಾಕು ಅನ್ನದ್ದಕ್ಕೆ ಹಿಡಿದೇ ಇದ್ದನಂತೆ. ಸಿಲ್ವಿ ಅವನ ತೋಳನ್ನು ಮೆಲ್ಲಗೆ ತಿಕ್ಕುತ್ತ ಪಕ್ಕದಲ್ಲಿ ಕೂತಳು. ನಡುವೆ ಒಮ್ಮೆ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು, ಅಜ್ಜ ನನ್ನ ಟವೆಲ್ ನೋಡಿ ಹೊಟ್ಟೆ ಕುಣಿಯುವಷ್ಟು ನಕ್ಕ. ಸಿಲ್ವಿಯೂ ನಕ್ಕಳು. ನಾನು ಮಂದಿಯನ್ನು ನಗಿಸಿದ್ದು ಬಹಳ ಸಲ, ಸುಮ್ಮನೆ ನಿಂತು ನಗಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ರಾಕೆಟ್ಟಿನವರ ಪರವಾಗಿ ಕೋಟು ಹಾಕಿದ ಒಬ್ಬರು ಬಂದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಬರೇ ಶಿಸ್ತು. ಜತೆಗೆ ಬಂದರಿನ ಸಾಹೇಬರು. ಆ ಪಟ್ಟಿಯೊಳಗೆ ಯಾರೂ ಹೋಗಬಾರದು ಅಂತ ಮತ್ತೆ ಮತ್ತೆ ಸಾರಿದ್ದೇವೆ, ಒಳಗೆ ಹೋದವರ ದೋಣಿಯ ಪರವಾನಗಿ ಹೋಗುತ್ತದೆ ಅಂತಲೂ ಹೇಳಿದ್ದೇವೆ, ನೀನು ಅಲ್ಲಿ ಯಾಕೆ ಇದ್ದೆ, ಅಂತ ಕೋಟಿನವರು ಕೇಳಿದರು. ಅಜ್ಜ ತನ್ನ ದೋಣಿಯ ಕಡೆ ನೋಡಿದ. ದೋಣಿ ಹೋದರೆ ಅವನಿಗೆ ಬೇರೆ ಬದುಕಿಲ್ಲ ಅಂತ ಸಿಲ್ವಿ ನಮ್ಮ ಕಿವಿಯಲ್ಲಿ ಅಂದಳು. ಹೆಲ್ಗಾ ಏನೋ ಹೇಳಲು ಬಾಯಿ ತೆರೆದರು. ಮಲ್ಲಣ್ಣ ಸರ್ ಸಹ ಒಂದು ಹೆಜ್ಜೆ ಮುಂದೆ ಬಂದರು. ಕೋಟಿನವರು ಇನ್ನೊಮ್ಮೆ, ಇನ್ನಷ್ಟು ನಿಧಾನವಾಗಿ ಕೇಳಿದರು: ಅಲ್ಲಿ ನೀನು ಯಾಕೆ ಇದ್ದೆ?

ಅಜ್ಜ ತಲೆ ಎತ್ತಿ ಹೇಳಿದ ಮಾತನ್ನು ಸಿಲ್ವಿ ಇಂಗ್ಲಿಷಿಗೆ ತಂದಳು, ನಾನು ನಮ್ಮ ಮಾತಿಗೆ ತಂದಿದ್ದೇನೆ, ಒಂದು ಅಕ್ಷರ ಸೇರಿಸಿಲ್ಲ. ಅದನ್ನು ಕೇಳಿದ ಮೇಲೆ ಬಂದರಿನ ಸಾಹೇಬರು ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡರು, ಕೋಟಿನವರು ಪೆನ್ನನ್ನು ಜೇಬಿಗೆ ಇಟ್ಟುಕೊಂಡು ಕಾರಿನ ಕಡೆ ನಡೆದರು, ದೋಣಿ ಅವನಿಗೇ ಉಳಿಯಿತು. ಅವನು ಅಂದದ್ದು:

"ನಿಮ್ಮದೂ ಎಂಜಿನ್ ಕೆಟ್ಟಿತ್ತು, ನನ್ನದೂ ಎಂಜಿನ್ ಕೆಟ್ಟಿತ್ತು. ನಾ ಏನು ಯಾರ ತಲಿ ಮ್ಯಾಲೂ ಬೀಳಾಕ ಹೋಗಿರಲಿಲ್ಲ."